ನಮ್ಮ ಐಹೊಳಿ ಎಬ್ಬಿಸೋಕ್ಕಿಂತ ಮೊದಲ ಒಂದಿಷ್ಟು ಕುಂತು ಬರಕೋರ್ರಿ

ಐಹೊಳಿ ಫೈಲ್ ಯಾರ್ಯಾರ ಟೇಬಲ್ ಮ್ಯಾಲ ಐತೋ ಆ ಎಲ್ಲಾ ಸಾಹೇಬ್ರಿಗೆ, ಮತ್ತ ರವಿವಾರ ಸೂಟಿ ಅಂತ ಕಾರ್ ತುಗೊಂಡು ನಮ್ಮೂರು ನೋಡಾಕ ಬರೋ ಅಣ್ಣಾರು ಅಕ್ಕಾರಿಗೂ ನಮಸ್ಕಾರ್ರಿ.

ನಾ ಐಹೊಳಿಯಂವ. ಹುಟ್ಟಿದ್ದು, ಸಾಲಿ ಕಲ್ತಿದ್ದು ಎಲ್ಲಾ ಇಲ್ಲೇ, ಈಗ ನೌಕರಿ ಸಲುವಾಗಿ ಹೊರಗ ಅದೀನಿ, ತಿಂಗಳಿಗೊಮ್ಮೆ ಊರಿಗೆ ಬರ್ತೀನಿ. ಹೋದ ಸಲ ಬಂದಾಗ ಮತ್ತ ಅದೇ ಮಾತು ನಡದಿತ್ತು, ಹಳೇ ಗುಡಿ ಉಳಿಸೋ ಸಲುವಾಗಿ ಊರು ಸ್ಥಳಾಂತರ ಆಗ್ತೈತಂತ, ಸರ್ವೆ ಮಾಡ್ತಾರಂತ, ಇಲ್ಲಂತ, ಹೌದಂತ. ಈ ಮಾತು ನಾ ಸಣ್ಣಾಂವ ಇದ್ದಾಗಿಂದ ಕೇಳಕೋತ ಬಂದೀನಿ, ಹಂಗಾಗಿ ತಲಿ ಕೆಡಿಸ್ಕೊಂಡಿದ್ದಿಲ್ಲ. ಆದ್ರ ರಾತ್ರಿ ಊಟಾ ಮಾಡಿ ಕುಂತಾಗ ನಮ್ಮ ಆಯಿ ಕೇಳಿದ್ಲು, "ತಮ್ಮಾ, ಊರು ಎಬ್ಬಿಸಿದ್ರ ಈ ಹೊಸ್ತಲ ಯಾರ ಪಾಲಿಗೆ ಹೋಗ್ತೈತೋ?" ಅಂತ. ನನ್ನ ಕಡೆ ಉತ್ತರ ಇದ್ದಿಲ್ಲ. ನಿಮ್ಮ ಕಡೆ ಇರಬಹುದು ಅಂತ ಈ ಪತ್ರ ಬರಿಯಾಕತ್ತೀನಿ.

ಹೊಸ್ತಲದ ಕತಿ ಮೊದಲ ಹೇಳ್ತೀನಿ. ನಮ್ಮ ಮನಿ ಹೊಸ್ತಲ ಕಲ್ಲಿಂದು, ನಮ್ಮ ಗುಡ್ಡದ ಕೆಂಪ ಮರಳುಗಲ್ಲು, ಉದ್ದ ಒಂದು ನಾಕು ಫೂಟ್ ಇರಬಹುದು. ಅದರ ಮುಂದಿನ ಮಗ್ಗಲಿಗೆ ಸಾಲಾಗಿ ಹಂಸ ಕೆತ್ಯಾರ. ಏಳು ಹಂಸ, ಕಡೀದು ಅರ್ಧಕ್ಕ ಕಟ್ ಆಗೇತಿ, ಅಂದ್ರ ಆ ಕಲ್ಲು ಯಾವ್ದೋ ಗುಡೀದು, ಬಿದ್ದಿತ್ತು, ನಮ್ಮ ಮುತ್ಯಾನ ಅಪ್ಪನೋ ಅವರಪ್ಪನೋ ತಂದು ಹೊಸ್ತಲಕ್ಕ ಕೂಡ್ಸ್ಯಾರ. ಆಯಿ ಮದಿವ್ಯಾಗಿ ಈ ಮನಿಗೆ ಬಂದಾಗಿಂದ ದಿನಾ ಮುಂಜಾನೆ ಅದನ್ನ ತೊಳದು ಅರಿಷಿಣ ಕುಂಕುಮ ಹಚ್ಚಿ ಎರಡು ಹೂವಾ ಇಟ್ಟು ಆಮ್ಯಾಲನ ಚಾ ಕುಡಿಯೋದು. ಹಂಸದ ಕೊಕ್ಕು ಸವದು ನುಣ್ಣಗ ಆಗ್ಯಾವ. ಅರಿಷಿಣ ಕುಂತು ಕುಂತು ರೆಕ್ಕಿ ಗೆರಿಯೊಳಗ ಹಳದಿ ಹಿಡದು ಬಿಟ್ಟೈತಿ, ಎಷ್ಟು ತಿಕ್ಕಿದ್ರೂ ಹೋಗಂಗಿಲ್ಲ. ಈಗ ಇದು ಗುಡಿ ಕಲ್ಲೋ, ನಮ್ಮ ಮನಿ ಹೊಸ್ತಲೋ? ಎರಡೂ ಹೌದು. ಐಹೊಳಿ ಅಂದ್ರ ಪೂರಾ ಹಿಂಗ ಐತ್ರಿ, ಊರು ಯಾವ್ದು ಗುಡಿ ಯಾವ್ದು ಅಂತ ನಡುವ ಒಂದು ಗೆರಿ ಎಳೀತೀನಿ ಅಂದ್ರ ಆಗಂಗಿಲ್ಲ.

ಬಾಗಲಕೋಟಿ ಜಿಲ್ಲಾದ ಹುನಗುಂದ ತಾಲೂಕಿನ ಒಂದು ಹಳ್ಳಿ ನಮ್ಮದು, ಮಲಪ್ರಭಾ ಹೊಳಿ ದಂಡಿ ಮ್ಯಾಲ. ಪರಶುರಾಮ ತನ್ನ ಕೊಡಲಿ ಇಲ್ಲಿ ತೊಳದಾಗ ನೀರು ರಕ್ತದಂಗ ಕೆಂಪಾತಂತ, ಅದನ್ನ ನೋಡಿ ಒಬ್ಬ ಹೆಣ್ಮಗಳು "ಅಯ್ಯೋ ಹೊಳಿ" ಅಂದಳಂತ, ಅದಕ್ಕ ಐಹೊಳಿ ಆತು ಅಂತ ಹೇಳ್ತಾರ. ಇದು ನಮ್ಮ ಹಿರ್ಯಾರ ಕತಿ. ಶಾಸನದಾಗ ಆರ್ಯಪುರ, ಅಯ್ಯಾವೊಳೆ ಅಂತ ಬರ್ತೈತಿ. ನೂರಾ ಇಪ್ಪತ್ತಕ್ಕಿಂತ ಹೆಚ್ಚು ಗುಡಿ ಅದಾವ, ಅದರಾಗ ಟಿಕೆಟ್ ತಗದು ಹುಲ್ಲು ಬೆಳಸಿದ ಕಂಪೌಂಡ್ ಒಳಗ ನೋಡೋವು ಬೆರಳ ಮ್ಯಾಲ ಎಣಿಸೋವಷ್ಟ, ಉಳದದ್ದೆಲ್ಲಾ ಓಣಿಯೊಳಗ, ಹೊಲದಾಗ, ಮನಿ ಹಿತ್ತಲದಾಗ, ಗುಡ್ಡದ ಮ್ಯಾಲ, ಹೊಳಿ ದಂಡಿಗೆ. ಕಾರಿನ್ಯಾಗ ಬಂದಾವ್ರು ಒಂದು ತಾಸಿನ್ಯಾಗ ದುರ್ಗದ ಗುಡಿ ಮುಂದ ಫೋಟೋ ಹೊಡ್ಕೊಂಡು ಪಟ್ಟದಕಲ್ಲಿಗೆ ಹೋಗಿಬಿಡ್ತಾರ. ಊರೊಳಗ ಕಾಲಿಡೋವ್ರು ಭಾಳ ಕಮ್ಮಿ.

ಆ ದುರ್ಗದ ಗುಡಿ ಬಗ್ಗೆನ ಹೇಳ್ತೀನಿ, ಎಲ್ಲಾರೂ ದುರ್ಗಾದೇವಿ ಗುಡಿ ಅನ್ಕೋತಾರ. ಅಲ್ರಿ. ದುರ್ಗ ಅಂದ್ರ ಕೋಟಿ, ಕಿಲ್ಲೆ. ಒಂದ್ ಕಾಲಕ್ಕ ಆ ಗುಡಿ ಕೋಟಿ ಜೋಡಿ ಸೇರ್ಕೊಂಡಿತ್ತು, ಅದಕ್ಕ ಆ ಹೆಸರು ಬಂತು. ಮೊದಲ ಅದು ಸೂರ್ಯನ ಗುಡಿ. ಹಿಂದಿನ ಭಾಗ ಆನಿ ಬೆನ್ನಿನಂಗ ದುಂಡಗ ಐತಿ, ಅದಕ್ಕ ಗಜಪೃಷ್ಠ ಅಂತಾರ, ಸುತ್ತ ಕಂಬದ ಪಡಸಾಲಿ, ಅದರೊಳಗ ಒಂದು ಸುತ್ತು ಹಾಕಿದ್ರ ಮಹಿಷಮರ್ದಿನಿ, ನರಸಿಂಹ, ಹರಿಹರ ಒಬ್ಬೊಬ್ರಾಗಿ ಸಿಗಕೋತ ಹೋಗ್ತಾರ. ಸಂಜಿಮುಂದ ಬಿಸಲು ಅಡ್ಡ ಬಿದ್ದಾಗ ನೋಡಬೇಕ್ರಿ.

ಈಗ ಉಳದ ಗುಡಿ ಹೆಸರು ಕೇಳ್ರಿ. ಲಾಡಖಾನ್ ಗುಡಿ, ಗೌಡರ ಗುಡಿ, ಬಡಿಗೇರ ಗುಡಿ, ಅಂಬಿಗೇರ ಗುಡಿ, ಹುಚ್ಚಪ್ಪಯ್ಯನ ಮಠ, ಹುಚ್ಚಿಮಲ್ಲಿ ಗುಡಿ, ಹಳಬಸಪ್ಪನ ಗುಡಿ, ತಾರಬಸಪ್ಪನ ಗುಡಿ, ಕೊಂತಿ ಗುಡಿ, ರಾಚಿ ಗುಡಿ. ಇದರಾಗ ದೇವರ ಹೆಸರು ಎಷ್ಟು ಅದಾವ್ರಿ? ಹೆಚ್ಚುಕಮ್ಮಿ ಎಲ್ಲಾ ಮನಷ್ಯಾರ ಹೆಸರು, ಮನೆತನದ ಹೆಸರು, ಕಸುಬಿನ ಹೆಸರು. ಬಡಿಗೇರ ಗುಡಿ ಮೂಲದಾಗ ಸೂರ್ಯಂದು. ಗೌಡರ ಗುಡಿ ಭಗವತಿದು ಅಂತ ಶಾಸನ ಐತಿ. ಆದ್ರ ಆ ದೇವರು ಹೋಗಿ, ಪೂಜಿ ನಿಂತು, ಗುಡಿ ಖಾಲಿ ಬಿದ್ದಮ್ಯಾಲ ಅದರೊಳಗ ಮಂದಿ ಬಂದು ಒಲಿ ಹೂಡಿದ್ರು, ದನ ಕಟ್ಟಿದ್ರು, ಮಕ್ಕಳನ್ನ ಹಡದ್ರು, ಮತ್ತ ಗುಡಿಗೆ ಅವರ ಹೆಸರು ಬಂತು. ಲಾಡಖಾನ್ ಅನ್ನಾಂವ ಆ ಗುಡಿಯೊಳಗ ಸಂಸಾರ ಮಾಡ್ಕೊಂಡಿದ್ದ, ಅದಕ್ಕ ಅದು ಲಾಡಖಾನ್ ಗುಡಿ, ಇಷ್ಟ. ಈ ಹೆಸರು ಬದಲು ಮಾಡ್ಬೇಕು, ಗುಡಿಗೆ ಇಂಥಾ ಹೆಸರು ಯಾಕ ಅಂತ ಕೇಳೋವ್ರೂ ನನಗ ಸಿಕ್ಕಾರ. ನಾ ಅವರಿಗೆ ಹೇಳೋದು ಒಂದ, ಅಣ್ಣಾ ಅದು ಬರೇ ಹೆಸರಲ್ಲ, ಅದು ನಮ್ಮೂರಿನ ಕಾಗದಪತ್ರ. ಈ ಗುಡಿ ಖಾಲಿ ಬಿದ್ದಾಗ ಇಲ್ಲಿ ಯಾರಿದ್ರು ಅನ್ನೋದಕ್ಕ ಅದೊಂದ ದಾಖಲಿ ಉಳದೈತಿ, ಅದನ್ನೂ ಅಳಿಸಿಬಿಟ್ರ ಏನು ಉಳೀತು?

ಲಾಡಖಾನ್ ಗುಡಿ ಛತ್ತು ಒಮ್ಮೆ ಸಮಾಧಾನದಿಂದ ನೋಡ್ರಿ. ಇಳಿಜಾರಾದ ದೊಡ್ಡ ಹಾಸಗಲ್ಲು ಹೊಂದಿಸಿ, ಎರಡು ಕಲ್ಲು ಕೂಡೋ ಸಂದಿನ ಮ್ಯಾಲ ಉದ್ದಕ ಕಲ್ಲಿನ ಪಟ್ಟಿ ಇಟ್ಟಾರ, ಮಳಿ ನೀರು ಒಳಗ ಇಳೀಬಾರ್ದು ಅಂತ. ಆ ಪಟ್ಟಿ ನೋಡಿದ್ರ ಕಟಗಿ ತೊಲಿ ಇಟ್ಟಂಗ ಕಾಣ್ತೈತಿ. ಕಟಗಿ ಮನಿ ಕಟ್ಟೋ ಕೈ ಕಲ್ಲಿಗೆ ಇಳದದ್ದು ಅಲ್ಲಿ ಕಣ್ಣಿಗೆ ಕಾಣ್ತೈತಿ. ನನಗಂತೂ ಅದನ್ನ ನೋಡಿದಾಗೆಲ್ಲಾ ನಮ್ಮ ಮಾಳಗಿ ಮನಿ ಜಂತಿ ಸಾಲು ನೆನಪಾಗ್ತೈತಿ. ಗುಡಿ ಕಟ್ಟಿದಾವ್ರು ಯಾವ್ದೋ ಬ್ಯಾರೆ ಲೋಕದಿಂದ ಬಂದಾವ್ರಲ್ಲ, ನಮ್ಮಂಥಾ ಮನಿಯೊಳಗ ಮಲಗಿ ಎದ್ದಾವ್ರು.

ಮತ್ತ ಇದು ಬರಿಯೋ ಊರ್ರಿ. ಎಲ್ಲಾನೂ ಕಲ್ಲಿನ ಮ್ಯಾಲ ಬರದಿಟ್ಟ ಊರು. ಗುಡ್ಡದ ಮ್ಯಾಲ ಮೇಗುಟಿ ಬಸದಿ ಐತಲ್ಲ, ಮೇಗಣ ಗುಡಿ, ಅಂದ್ರ ಮ್ಯಾಲಿನ ಗುಡಿ, ಅದ ಬಾಯಾಗ ಸವದು ಮೇಗುಟಿ ಆತು. ಅದರ ಪೂರ್ವದ ಗ್ವಾಡಿ ಮ್ಯಾಲ ಕವಿ ರವಿಕೀರ್ತಿ ಬರೆಸಿದ 19 ಸಾಲಿನ ಶಾಸನ ಐತಿ. ಭಾಷಾ ಸಂಸ್ಕೃತ, ಲಿಪಿ ಹಳಗನ್ನಡದ್ದು. ಇಮ್ಮಡಿ ಪುಲಿಕೇಶಿ ಹರ್ಷವರ್ಧನನ್ನ ತಡದು ನಿಲ್ಸಿದ್ದು ಅದರಾಗ ಐತಿ, ಹರ್ಷನ ಹರ್ಷ ಅಂಜಿಕಿಗೆ ಹಾರಿಹೋತು ಅಂತ ಹೆಸರಿನ ಜೋಡಿ ಆಟಾ ಆಡಿ ಬರದಾನ ರವಿಕೀರ್ತಿ. ಕಾಳಿದಾಸ, ಭಾರವಿ ಇವರ ಹೆಸರು ತುಗೊಂಡು ನಾನೂ ಅವರಂಗ ಕೀರ್ತಿ ಪಡದಾಂವ ಅಂತ ಹೇಳ್ಕೊಂಡಾನ, ಕಾಳಿದಾಸನ ಕಾಲ ಲೆಕ್ಕ ಹಾಕೋ ಪಂಡಿತರು ಇವತ್ತಿಗೂ ನಮ್ಮ ಗುಡ್ಡ ಹತ್ತಬೇಕು ಇದರ ಸಲುವಾಗಿ. ಆದ್ರ ನನಗ ಎಲ್ಲಕ್ಕಿಂತ ಹೆಚ್ಚು ಸೇರೋದು ತಾರೀಖು ಬರದ ರೀತಿ. ಭಾರತ ಯುದ್ಧ ಆಗಿ 3735 ವರ್ಷ, ಶಕ ವರ್ಷ 556 ಅಂತ ಎರಡೆರಡು ಲೆಕ್ಕ ಕೊಟ್ಟಾನ, ಅಂದ್ರ ನಮ್ಮ ಇಸ್ವಿ 634ರ ಆಸುಪಾಸು. ಯಾರು ಕಟ್ಟಿಸಿದ್ರು, ಯಾವ ರಾಜಾ ಇದ್ದ, ಯಾವಾಗ, ಯಾರು ಬರದ್ರು, ಒಂದೂ ಬಿಟ್ಟಿಲ್ಲ. ಒಂದು ಗುಡಿ ಕಟ್ಟಿದ್ದನ್ನ ಹಿಂಗ ಬರದಿಟ್ಟ ಊರಾಗ ಒಂದು ಪೂರಾ ಊರು ಎದ್ದು ಹೋಗೋದನ್ನ ಯಾರೂ ಬರಕೊಳ್ಳಲಿಲ್ಲ ಅಂದ್ರ ಹೆಂಗ್ರಿ?

ಅಷ್ಟ ಅಲ್ಲ. ಅಯ್ಯಾವೊಳೆ ಐನೂರ್ವರು ಅಂತ ವ್ಯಾಪಾರಿಗಳ ದೊಡ್ಡ ಸಂಘ ಇತ್ತು, ಹೆಸರು ನಮ್ಮೂರಿಂದು. ಅವರ ಶಾಸನ ಕರ್ನಾಟಕದಾಗ ಅಷ್ಟ ಅಲ್ಲ, ಆಂಧ್ರ, ತಮಿಳುನಾಡು, ಶ್ರೀಲಂಕಾದಾಗೂ ಸಿಕ್ಕಾವ. ಸಮುದ್ರ ದಾಟಿ ಸುಮಾತ್ರಾದ ಬಾರೂಸ್ ಅನ್ನೋ ಬಂದರದಾಗ 1088ರ ತಮಿಳು ಶಾಸನ ಒಂದೈತಿ, ಅದರಾಗೂ ಐನೂರ್ವರು ಬರ್ತಾರ. ಸಾಲ್ಯಾಗ ನಮಗ ಇದನ್ನ ಯಾರೂ ಹೇಳಲಿಲ್ಲ. ಅಮೀನಗಡದ ಸಂತಿಗೆ ಹೋಗೋದ ದೊಡ್ಡ ಪ್ರವಾಸ ಅನ್ಕೊಂಡಿದ್ವಿ, ನಮ್ಮೂರ ಹೆಸರು ಹಡಗ ಹತ್ತಿ ಹೋಗಿತ್ತು ಅಂತ ನನಗ ಗೊತ್ತಾಗಿದ್ದು ಕಾಲೇಜಿಗೆ ಹೋದಮ್ಯಾಲ.

ಇದಕ್ಕೂ ಹಿಂದಿಂದು ಐತಿ. ಮೇಗುಟಿ ಹಿಂದ ಗುಡ್ಡದ ಮ್ಯಾಲ ಬೃಹತ್ ಶಿಲಾಯುಗದ ಮಂದಿ ಹಾಸಗಲ್ಲು ನಿಲ್ಸಿ ಮಾಡಿದ ಗೋರಿ ಅದಾವ. ಗುಡ್ಡದ ನಡುಮಧ್ಯ ಎರಡು ಅಂತಸ್ತಿನ ಬೌದ್ಧರ ಗುಡಿ, ಅರ್ಧ ಬಂಡಿಯೊಳಗ ಕೊರದದ್ದು, ಅರ್ಧ ಕಟ್ಟಿದ್ದು. ಅಂಬಿಗೇರ ಗುಡಿ ಹತ್ರ ಅಗದಾಗ ಚಾಲುಕ್ಯರಿಗಿಂತ ಮೊದಲಿನ ಇಟ್ಟಂಗಿ ಕಟ್ಟಡ ಸಿಕ್ಕಿತ್ತು. ಅಂದ್ರ ಈ ಜಾಗದಾಗ ಒಂದರ ಮ್ಯಾಲ ಒಂದು ಊರು ಕುಂತಾವ. ನಮ್ಮದು ಕಡೀದು. ಅಗದು ತಗದ ಹಳೇ ಪದರಕ್ಕ ಇರೋ ಬೆಲಿ ಮ್ಯಾಲಿನ ಪದರಕ್ಕ ಯಾಕ ಇಲ್ಲ ಅನ್ನೋದ ನನ್ನ ತಕರಾರು.

ನಾ ಊರು ಎಬ್ಬಿಸಬ್ಯಾಡ್ರಿ ಅನ್ನಾಕತ್ತಿಲ್ಲ, ಇದನ್ನ ಸ್ವಚ್ಛ ಹೇಳ್ತೀನಿ. ಗುಡಿಗೆ ನಮ್ಮಿಂದ ತ್ರಾಸ ಆಗೇತಿ. ಒಲಿ ಹೊಗಿ ಹತ್ತಿ ಕೆತ್ತಿದ ಛತ್ತು ಕರ್ರಗಾಗ್ಯಾವ, ಕಂಬಕ್ಕ ಗೂಟಾ ಹೊಡದಾರ, ಗ್ವಾಡಿಗೆ ಕುಳ್ಳು ಬಡದಾರ, ಸುಣ್ಣಾ ಬಳದಾರ. ಗಟಾರ ನೀರು ಕೆಲವು ಗುಡಿ ಬುಡಕ್ಕ ಹೋಗಿ ನಿಲ್ತೈತಿ, ನೋಡಿದ್ರ ಹೊಟ್ಟಿ ಉರೀತೈತಿ. ಮತ್ತ ನಮಗೂ ಅಲ್ಲಿ ಇರೋದು ಸುಖ ಅಲ್ಲ. 1958ರ ಸ್ಮಾರಕ ಕಾಯ್ದೆಗೆ 2010ರಾಗ ತಿದ್ದುಪಡಿ ಆದಮ್ಯಾಲ ಸ್ಮಾರಕದಿಂದ 100 ಮೀಟರ್ ಒಳಗ ಹೊಸದು ಏನೂ ಕಟ್ಟಂಗಿಲ್ಲ, ಅದರಾಚೆ ಮತ್ತ 200 ಮೀಟರ್ ಪರ್ಮಿಷನ್ ಬೇಕು. ಬ್ಯಾರೆ ಊರಾಗ ಒಂದು ಗುಡಿ ಇರ್ತೈತಿ, ಒಂದು ಸುತ್ತು ಬರ್ತೈತಿ, ನಮ್ಮೂರಾಗ ಹೆಜ್ಜಿಗೊಂದು ಗುಡಿ, ಸುತ್ತಿನ ಮ್ಯಾಲ ಸುತ್ತು ಬಿದ್ದು ಊರಿಗೂರ ಒಳಗ ಬಂದುಬಿಡ್ತೈತಿ. ಮಾಳಗಿ ಸೋರಿದ್ರ ಮ್ಯಾಲ ಹೊಸಾ ಮಣ್ಣು ಹಾಕಬಹುದು, ಆದ್ರ ಗ್ವಾಡಿ ಬಿದ್ರ ರಿಪೇರಿಗೂ ಪರ್ಮಿಷನ್ ಕಾಗದ ತುಗೊಂಡು ಅಡ್ಡಾಡಬೇಕು. ಅಣ್ಣತಮ್ಮಂದ್ರು ಪಾಲಾದ್ರ ಎರಡನೇ ಮನಿ ಕಟ್ಟಾಕ ಬರಂಗಿಲ್ಲ. ನಮ್ಮ ಓಣ್ಯಾಗ ಒಬ್ಬ ಹುಡಗನ ಮದಿವಿ ಮಾತುಕತಿ ಮುರದು ಬಿತ್ತು, ಹೆಣ್ಣಿನವ್ರು ಕೇಳಿದ್ದು ಒಂದ ಪ್ರಶ್ನೆ, ಮನ್ಯಾಗ ಶೌಚಾಲಯ ಐತೇನು ಅಂತ. ಹಿಂಗಾಗಿ ಊರಾಗ ಅರ್ಧ ಮಂದಿ, ಅದರಾಗೂ ಹರೇದ ಹುಡುಗ್ರು, ಚಲೋ ಜಾಗ ಕೊಟ್ರ ನಾಳೆ ಬೇಕಾದ್ರೂ ಹೋಗ್ತೀವಿ ಅಂತಾರ. ಅವರ ಮಾತು ತಪ್ಪಲ್ಲ. ಕಾಯ್ದೆನೂ ತಪ್ಪಲ್ಲ, ಅದು ಇರದಿದ್ರ ಈ ಹೊತ್ತಿಗೆ ಲಾಡಖಾನ್ ಗುಡಿ ಬಾಜೂಕ ಮೂರಂತಸ್ತಿನ ಲಾಡ್ಜ್ ಎದ್ದಿರ್ತಿತ್ತು.

ಆದ್ರ ಒಂದು ಶಬ್ದ ಮಾತ್ರ ನನಗ ಚುಚ್ಚತೈತಿ. ಅತಿಕ್ರಮಣ. ಒಮ್ಮೆ ಒಂದು ಕಚೇರ್ಯಾಗ ಮನಿ ರಿಪೇರಿ ಅರ್ಜಿ ತುಗೊಂಡು ನಿಂತಾಗ ಅಲ್ಲಿ ಕುಂತಾವ್ರು ನಮ್ಮಪ್ಪಗ ಮುಖ ಸೈತ ನೋಡದ "ನೀವೆಲ್ಲಾ ಅತಿಕ್ರಮಣ ಮಾಡ್ಕೊಂಡು ಕುಂತಾವ್ರು" ಅಂದ್ರು. ನಮ್ಮಪ್ಪ ಏನೂ ಅನ್ನಲಿಲ್ಲ, ಅರ್ಜಿ ಮಡಚಿ ಕಿಸೇದಾಗ ಇಟ್ಕೊಂಡು ಬಂದ. ಬಸ್ಸಿನ್ಯಾಗೂ ಮಾತಾಡಲಿಲ್ಲ. ನಾ ಆಗ ಎಂಟನೇತ್ತಾ. ಇವತ್ತಿಗೂ ಆ ಮಡಚಿದ ಅರ್ಜಿ ನನ್ನ ಕಣ್ಣಮುಂದ ಬರ್ತೈತಿ. ಗುಡಿ ಪಾಳು ಬಿದ್ದಾಗ ಕಲ್ಲಿಗೆ ಕಾವಲು ಯಾರಿದ್ರು? ಮನಷ್ಯಾರು ವಾಸ ಇದ್ರು ಅಂತನ ಎಷ್ಟೋ ಗುಡಿ ಮ್ಯಾಲ ಮುಳ್ಳುಕಂಟಿ ಬೆಳೀಲಿಲ್ಲ, ಛತ್ತು ಸೋರಿದ್ರ ಮಣ್ಣು ಹಾಕಿದ್ರು, ನಿಧಿ ಆಸೆಗೆ ಅಗಿಯಾಕ ಬಂದಾವ್ರನ್ನ ಓಡಿಸಿದ್ರು. ಕೆಡಿಸ್ಯಾರ, ಹೌದು, ಉಳಿಸ್ಯಾರ ಅನ್ನೋದೂ ಅಷ್ಟ ಖರೆ. ಬರಿಯೋವಾಗ ಎರಡನ್ನೂ ಬರೀರಿ.

ಬರಕೋರಿ ಅಂತ ನಾ ಯಾಕ ಇಷ್ಟು ಹಟಾ ಹಿಡದೀನಿ ಅಂದ್ರ, 2011ರಾಗ ಹಂಪಿ ಬಜಾರದಾಗ ಮಂಟಪದೊಳಗಿದ್ದ ಮನಿ ಅಂಗಡಿ ಕಿತ್ತಿದ್ದನ್ನ ಎಲ್ಲಾರೂ ನೋಡ್ಯಾರ. ಜೆಸಿಬಿ ಬಂದಮ್ಯಾಲ ಯಾವ ಕಂಬದ ಬುಡಕ ಯಾರ ಮನಿ ಇತ್ತು ಅಂತ ಯಾರು ಕೇಳ್ತಾರ? ಇನ್ನ 2009ರ ನೆರಿ ಬಂದು ಹೋದಮ್ಯಾಲ ನಮ್ಮ ಕಡೆ ಹೊಳಿ ದಂಡಿ ಹಳ್ಳಿಗೆಲ್ಲಾ ಹೊಸಾ ಊರು ಕಟ್ಟಿದ್ದನ್ನ ನೋಡೀನಿ. ಒಂದ ಅಳತಿ ಮನಿ, ಸೀದಾ ಸೀದಾ ಸಾಲು, ದನ ಕಟ್ಟಾಕ ಜಾಗಿಲ್ಲ, ಕಣಕಿ ಒಟ್ಟಾಕ ಜಾಗಿಲ್ಲ, ಹೊಲಕ್ಕ ಹೋಗಬೇಕಂದ್ರ ಎರಡು ಪಟ್ಟು ದೂರ, ಹಂಗಾಗಿ ಎಷ್ಟೋ ಮಂದಿ ಕೀಲಿ ಹಾಕಿ ಹಳೇ ಊರಿಗೇ ಬಂದು ಕುಂತ್ರು. ಮುಂದ 2019ರ ಆಗಸ್ಟದಾಗ ಮಲಪ್ರಭಾ ಮತ್ತ ಏರಿ ಪಟ್ಟದಕಲ್ಲಿನ ಗುಡಿ ಒಳಗ ನೀರು ಹೊಕ್ತು. ಹೊಳಿ ನಮ್ಮನ್ನ ಎಬ್ಬಿಸ್ತೈತೋ ಸರ್ಕಾರ ಎಬ್ಬಿಸ್ತೈತೋ, ಒಂದಲ್ಲ ಒಂದಿನ ಏಳೋದಂತೂ ಖರೆ ಅನಸ್ತೈತಿ ನನಗ.

ಹಂಗಿದ್ಮ್ಯಾಲ ಕೇಳೋದು ಇಷ್ಟ. ಟೇಪ್ ಹಿಡ್ಕೊಂಡು ಮನಿ ಅಳತಿ ಮಾಡಾಕ ಬರ್ತೀರಲ್ಲ, ಆಗ ಜೋಡಿ ಇನ್ನೊಬ್ಬರನ್ನ ಕಳಸ್ರಿ, ಕನ್ನಡ ಗೊತ್ತಿರೋವ್ರನ್ನ, ಅದರಾಗೂ ನಮ್ಮ ಕಡೆ ಮಾತು ತಿಳಿಯೋವ್ರನ್ನ, ಗಡಿಬಿಡಿ ಇಲ್ಲದ ಕಟ್ಟಿ ಮ್ಯಾಲ ಕುಂತು ಕೇಳೋವ್ರನ್ನ. ಮನಿ ಮನಿಗೆ ಫೋಟೋ ತಗೀರಿ, ಹೊಸ್ತಲ, ಕಟ್ಟಿ, ಒಳಕಲ್ಲು, ಗ್ವಾಡಿಯೊಳಗ ಸೇರಿದ ಕೆತ್ತಿದ ಕಲ್ಲು ಎಲ್ಲಾ. ಯಾವ ಕಲ್ಲು ಯಾವ ಗುಡೀದಿರಬಹುದು ಅಂತ ತಿಳದಾವ್ರು ಹೇಳ್ಲಿ, ಅದು ಈ ಮನ್ಯಾಗ ಏನಾಗಿತ್ತು ಅಂತ ಮನಿಯವ್ರು ಹೇಳ್ಲಿ, ಎರಡೂ ಒಂದ ಪುಟದಾಗ ಇರ್ಲಿ. ಯಾವ ಗುಡ್ಯಾಗ ಯಾವ ಮನೆತನ ಎಷ್ಟು ತಲಿಮಾರು ಇತ್ತು, ಯಾವಾಗ ಹೊರಗ ಬಂತು, ಆ ಓಣಿಗೆ ಮಂದಿ ಏನಂತಿದ್ರು, ಬಾವಿ ನೀರು ಯಾರ್ಯಾರು ಸೇದತಿದ್ರು, ಯಾರಿಗೆ ಸೇದಾಕ ಬಿಡತಿದ್ದಿಲ್ಲ, ಅದೂ. ಗುಡಿ ಮುಂದಿನ ಬೋರ್ಡಿನ್ಯಾಗ ಬರೇ ಎಷ್ಟನೇ ಶತಮಾನ, ಯಾವ ಶೈಲಿ ಅಂತ ಬರದು ಬಿಡಬ್ಯಾಡ್ರಿ, ಆ ಹೆಸರು ಯಾಕ ಬಂತು ಅಂತ ಎರಡು ಸಾಲು ಕನ್ನಡದಾಗ ಹಾಕ್ರಿ, ನಮ್ಮ ಸಾಲಿ ಹುಡುಗ್ರು ನಿಂತು ಓದೋವಂಗ. ಹೊಸಾ ಊರು ಕಟ್ಟೋದಾದ್ರ ಓಣಿಗೆ ಓಣಿ ಜೋಡಿ ಇಡ್ರಿ, ನೆರಮನಿಯವ್ರನ್ನ ಚೀಟಿ ಎತ್ತಿ ಚಲ್ಲಾಪಿಲ್ಲಿ ಮಾಡಬ್ಯಾಡ್ರಿ, ಹೊಲಕ್ಕ ಹೊಳಿಗೆ ನಡದು ಹೋಗೋವಷ್ಟು ಹತ್ರ ಇರ್ಲಿ. ಗುಡಿ ನೋಡಾಕ ಬಂದಾವ್ರಿಗೆ ದಾರಿ ತೋರ್ಸೋ ಕೆಲಸ, ಕಾವಲು ಕೆಲಸ ಮೊದಲ ಊರ ಹುಡುಗ್ರಿಗೆ ಕೊಡ್ರಿ. ಅವರು ಆ ಗುಡಿಯೊಳಗ ಚೌಕಾಬಾರ ಆಡಿ ಬೆಳದಾವ್ರು, ಯಾವ ಕಂಬದ ಹಿಂದ ಯಾವ ಮಿಥುನ ಐತಿ, ಯಾವ ಸಂದ್ಯಾಗ ಜೇನ ಕಟ್ತೈತಿ ಅಂತ ಕಣ್ಣು ಮುಚ್ಚಿ ಹೇಳ್ತಾರ.

ಪ್ರವಾಸಕ್ಕ ಬರೋ ಅಣ್ಣಾರು ಅಕ್ಕಾರೂ, ನಿಮಗೂ ಒಂದು ಮಾತು. ದುರ್ಗದ ಗುಡಿ ಕಂಪೌಂಡ್ ದಾಟಿ ಊರೊಳಗ ಒಂದು ಸುತ್ತು ಬರ್ರಿ. ರಾವಣಫಡಿಗೆ ಹೋಗಿ ಕುಣಿಯೋ ಶಿವನ್ನ ನೋಡ್ರಿ, ಬಾಜೂಕ ಸಪ್ತಮಾತೃಕೆಯರು ಅದಾರ, ಅಲ್ಲಿ ದಮ್ಮ ಹಿಡದು ಎರಡು ನಿಮಿಷ ಸುಮ್ಮನ ನಿಲ್ರಿ. ಆಮ್ಯಾಲ ಓಣ್ಯಾಗ ನಡಕೋತ ಕೊಂತಿ ಗುಡಿ ಕಡೆ ಬರ್ರಿ. ಅಲ್ಲಿ ಕಟ್ಟಿ ಮ್ಯಾಲ ಯಾರಾದ್ರೂ ಹಿರ್ಯಾರು ಕುಂತಿದ್ರ ಅವರನ್ನ ಕೇಳದ ಫೋಟೋ ಹೊಡೀಬ್ಯಾಡ್ರಿ, ಮೊದಲ ಮಾತಾಡ್ಸ್ರಿ, ಆರಾಮ ಅದೀರೇನ್ರಿ ಅಂದ್ರ ಸಾಕು, ನೀವು ಬ್ಯಾಡ ಅನ್ನೋ ತನಕ ಕತಿ ಹೇಳ್ತಾರ.

ಹುಚ್ಚಪ್ಪಯ್ಯನ ಗುಡಿ ಛತ್ತಿನ್ಯಾಗಿದ್ದ ಬ್ರಹ್ಮ, ವಿಷ್ಣು, ಶಿವ ಈಗ ಮುಂಬೈ ಮ್ಯೂಸಿಯಂದಾಗ ಅದಾರ. ನಾ ಅಲ್ಲಿಗೆ ಹೋಗಿ ನೋಡೀನಿ. ಚಲೋ ಇಟ್ಟಾರ, ಲೈಟ್ ಬಿಟ್ಟಾರ, ಎಲ್ಲಿಂದ ಬಂದದ್ದು ಅಂತ ಬರದಾರ, ಐಹೊಳೆ ಅಂತ ಓದಿದಾಗ ಊರಾವ್ರು ಸಿಕ್ಕಂಗಾಗಿ ಕಣ್ಣಾಗ ನೀರು ಬಂತು. ದುರ್ಗದ ಗುಡಿಯ ಹಾರೋ ಗಂಧರ್ವರು ದಿಲ್ಲಿ ನ್ಯಾಷನಲ್ ಮ್ಯೂಸಿಯಂದಾಗ ಅದಾರ. ಊರು ಬಿಟ್ಟು ಹೋದ ಕಲ್ಲಿಗೆ ಇಷ್ಟು ಕಾಳಜಿ ತುಗೊಂಡೀರಿ, ನಂಬರ್ ಹಾಕೀರಿ, ಎಲ್ಲಿಯದು ಅಂತ ಬರದೀರಿ. ಊರು ಬಿಟ್ಟು ಹೋಗೋ ಮಂದಿಗೂ ಅಷ್ಟ ಮಾಡ್ರಿ ಅಂತ ಕೇಳೋದು ಹೆಚ್ಚಾತೇನ್ರಿ?

ಆಯಿಗೆ ಈಗ 80 ದಾಟ್ಯಾವ. ಅಕಿ ವಾರಿಗಿಯವ್ರು ಊರಾಗ ಇನ್ನ ಒಂದಿಷ್ಟು ಮಂದಿ ಅದಾರ, ಹೋದ ವರ್ಷ ಇದ್ದಷ್ಟು ಈ ವರ್ಷ ಇಲ್ಲ. ಗುಡಿ ಒಳಗ ಸಂಸಾರ ಮಾಡಿದ್ದನ್ನ ಕಣ್ಣಾರೆ ಕಂಡಾವ್ರು ಇವರ. ನಿಮ್ಮ ಫೈಲ್ ಮುಂದಕ್ಕ ಹೋಗೋತನಕ ಕಾಯಾಕ ಅವರಿಗೆ ಟೈಮ್ ಇಲ್ಲ. ಅದಕ್ಕ ಬರೋ ಅಮಾಸಿಗೆ ನಾನ ಒಂದು ದಪ್ಪನ ನೋಟ್‌ಬುಕ್ ತುಗೊಂಡು ಊರಿಗೆ ಹೊಂಟೀನಿ, ನಮ್ಮ ಓಣಿಯಿಂದ ಶುರು ಮಾಡ್ತೀನಿ, ಗೆಳ್ಯಾರು ಇಬ್ಬರು ಫೋನಿನ್ಯಾಗ ರೆಕಾರ್ಡ್ ಮಾಡಾಕ ಬರ್ತೀನಿ ಅಂದಾರ. ನಿಮ್ಮ ಕಡಿಂದ ಯಾರಾದ್ರೂ ಬರೋದಿದ್ರ ಮುಂಜಾನೆ ಲಗೂ ಬರ್ರಿ, ಆಯಿ ಹೊಸ್ತಲ ತೊಳಿಯೋ ಹೊತ್ತಿಗೆ. ಕಲ್ಲು ಒದ್ದಿ ಇದ್ದಾಗ ಏಳೂ ಹಂಸ ಚಲೋ ಕಾಣ್ತಾವ, ಅರ್ಧ ಉಳದಿದ್ದೂ.